ಬಣ್ಣದ ಮನೆಯ ತೊಟ್ಟಿಯಲ್ಲಿ ಅವ್ವನ ಕವಾಯತು

"ಅವ್ವಾ, ಕೈ ಎತ್ತಿದೇನ?" ಎಂದು ಕೌದಿಯ ಈಚೆಯಿಂದ ಕೇಳಿದೆ.

"ಎತ್ತೀನಪಾ," ಎಂದಳು ಅವ್ವ, ಆಚೆಯಿಂದ.

ಸುಳ್ಳು. ಎದೆಮಟ ನೀರಿನಲ್ಲಿ ಕೂತವರು ಕೈ ಎತ್ತಿದರೆ ನೀರು ಸಪ್ಪಳ ಮಾಡಲೇಬೇಕು. ಯಾವ ಸಪ್ಪಳವೂ ಇರಲಿಲ್ಲ. ಕೇಳುತ್ತಿದ್ದದ್ದು ಅವ್ವನ ಪಕ್ಕ ಕೂತ ಗಂಗಮ್ಮನ ಮಾತೊಂದೇ. ಯಾರದೋ ಮನೆಯ ಮದುವೆಯಲ್ಲಿ ಸಜ್ಜಕಕ್ಕೆ ತುಪ್ಪ ಕಡಿಮೆ ಬಿದ್ದದ್ದನ್ನು ಆಕೆ ಅರ್ಧ ತಾಸಿನಿಂದ ಹೇಳುತ್ತಿದ್ದಳು.

"ಹತ್ತು ಸಲ ಎತ್ತಬೇಕು ಅಂದೇನಿ," ಎಂದೆ.

"ಹತ್ತೂ ಆದೂವು," ಎಂದಳು ಗಂಗಮ್ಮ. "ನೀ ಮೊದಲ ಒಂದು ಕೊಡ ಸುಡುನೀರು ಬಿಡು ತಮ್ಮಾ. ಇದರಾಗ ಎಮ್ಮಿ ಸೈತ ಕೂಡೂದಿಲ್ಲ."

ಕೊಡವನ್ನು ನೆಲಕ್ಕೆ ಕುಕ್ಕಿದೆ. ಹಗ್ಗಕ್ಕೆ ಎರಡು ಹಳೇ ಕೌದಿ ಇಳಿಬಿಟ್ಟು ಮಾಡಿದ ಮರೆ ಅದು. ಆಚೆಗೆ ತೊಟ್ಟಿ, ತೊಟ್ಟಿಯಲ್ಲಿ ಇಬ್ಬರು ಹೆಂಗಸರು. ಈಚೆಗೆ ಒಲೆ, ಹಂಡೆ, ನಾನು. ಗಂಡಸು ನಾನು, ಆಚೆಗೆ ಇಣುಕುವಂತಿಲ್ಲ. ಇಣುಕದೆ ಅವರಿಂದ ಕವಾಯತು ಮಾಡಿಸಬೇಕು. ಇದು ಅವರಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ಹೋದ ತಿಂಗಳು ಆ ಬಣ್ಣದ ಮನೆ ಕೆಡವಿದರು. ತೊಟ್ಟಿಯ ಕೆಂಪು ಚಪ್ಪಡಿಗಳನ್ನು ಟ್ರ್ಯಾಕ್ಟರಿಗೆ ಹೇರುವಾಗ ನಾನು ಅಲ್ಲೇ ನಿಂತಿದ್ದೆ. ಬೂದಿ, ಸೋಡಾ, ಹಸಿ ನೂಲು, ಈ ಮೂರರ ವಾಸನೆ ಕಲ್ಲಿಗೆ ಇನ್ನೂ ಹಿಡಿದಿತ್ತು. ಐದಾರು ವರ್ಷದ ಹಿಂದಿನ ಚಳಿಗಾಲ ಒಮ್ಮೆಲೇ ಮೂಗಿಗೆ ಬಂತು. ಸಿಟ್ಟೂ ಬಂತು. ಆ ಚಳಿಗಾಲ ಪೂರ್ತಿ ನಾನು ಸಿಟ್ಟಿನಲ್ಲೇ ಕಳೆದದ್ದು.

ಇಳಕಲ್ಲಿನ ಆ ಬಣ್ಣದ ಮನೆಯಲ್ಲಿ ನಾನು ನೂಲಿಗೆ ಬಣ್ಣ ಹಾಕುವ ಕೆಲಸಕ್ಕಿದ್ದೆ. ಅಣ್ಣ ಮನೆಯಲ್ಲಿ ಮಗ್ಗ ನೇಯುತ್ತಿದ್ದ. ಅಪ್ಪ ತೀರಿ ಬಹಳ ವರ್ಷವಾಗಿತ್ತು. ನಮ್ಮ ಸೀರೆಗೆ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಒಂದೊಂದಾಗಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಅವ್ವ ಆ ಕೆಲಸದಲ್ಲಿ ನಮ್ಮ ಓಣಿಗೇ ಹೆಸರಾದವಳು. ಮಾತಾಡುತ್ತಲೇ, ನೂಲಿನ ಕಡೆ ನೋಡದೆಯೇ ಕೊಂಡಿ ಹಾಕುತ್ತಿದ್ದಳು. ಆ ಕೈ ಮೂರು ವರ್ಷದಲ್ಲಿ ಹೋಯಿತು. ಮೊದಲು ಬೆರಳಿನ ಗೆಣ್ಣು ಬಾತವು. ಆಮೇಲೆ ಮಣಿಕಟ್ಟು, ಭುಜ, ಮೊಣಕಾಲು. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಕೈ ತಲೆಗೆ ಮುಟ್ಟುತ್ತಿರಲಿಲ್ಲ. ಎಲ್ಲರೂ ವಾಯು ಎಂದರು, ಎಣ್ಣೆ ತಿಕ್ಕಿದರು, ಎಕ್ಕೆ ಎಲೆ ಕಟ್ಟಿದರು. ಏನೂ ಆಗಲಿಲ್ಲ.

ಎಲ್ಲವನ್ನೂ ವೈನಿ ಮಾಡುತ್ತಿದ್ದಳು. ವೈನಿ ಅಂದರೆ ಅಣ್ಣನ ಹೆಂಡತಿ, ಕಮತಗಿಯವಳು. ಅವ್ವನ ತಲೆ ಹಿಕ್ಕುವುದು, ರೊಟ್ಟಿ ಮುರಿದು ಕೊಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಸೀರೆ ಉಡಿಸುವುದು. ಆ ವರ್ಷ ದೀಪಾವಳಿ ಹೊತ್ತಿಗೆ ವೈನಿ ಬಸುರಿ. ಶಿವರಾತ್ರಿ ಮುಗಿದ ಮೇಲೆ ಆಕೆಯನ್ನು ಹಡೆಯಲು ತವರಿಗೆ ಕರೆದೊಯ್ಯುವುದು ಎಂದು ಮಾತಾಯಿತು. ಮನೆಯಲ್ಲಿ ಎಲ್ಲರೂ ಖುಷಿ. ಅವ್ವ ಒಬ್ಬಳೇ ಸುಮ್ಮನೆ ಕೂತಿದ್ದಳು. ಯಾಕೆ ಎಂದು ನನಗೆ ತಿಳಿಯಲು ಎರಡು ದಿನ ಬೇಕಾಯಿತು. ವೈನಿ ಹೋದರೆ ಮನೆಯಲ್ಲಿ ಉಳಿಯುವವರು ಇಬ್ಬರು ಗಂಡುಮಕ್ಕಳು. ಹೆತ್ತ ತಾಯಿಗೆ ಸೀರೆ ಉಡಿಸುವವರು ಯಾರು? ಊರಿಗೆಲ್ಲ ಸೀರೆ ನೇಯುವ ಮನೆ ನಮ್ಮದು.

ಅವ್ವನನ್ನು ಬಸ್ಸಿಗೆ ಹತ್ತಿಸಿಕೊಂಡು ಹುನಗುಂದ, ಕಮತಗಿ ದಾಟಿ ಬಾಗಲಕೋಟೆಗೆ ಹೋದೆ. ಅಲ್ಲಿ ಒಂದು ದವಾಖಾನೆಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ವಾರಕ್ಕೊಮ್ಮೆ ಬರುತ್ತಿದ್ದಳು. ಮೈಸೂರು ಕಡೆಯವಳು, ಸಣ್ಣ ವಯಸ್ಸು. ಅವ್ವನ ಒಂದೊಂದು ಕೀಲನ್ನೂ ಮುಟ್ಟಿ ನೋಡಿದಳು. ಎದೆಯ ಮಟ್ಟ ಬೆಚ್ಚಗಿನ ನೀರು ಇರುವ ಕಡೆ ಕೂರಿಸಿ, ಅದರಲ್ಲಿ ಕೈಕಾಲು ಆಡಿಸಬೇಕು, ದಿನಕ್ಕೆ ಇಪ್ಪತ್ತು ನಿಮಿಷ ಸಾಕು ಎಂದಳು. ನೀರು ಮೈಯ ಭಾರ ಹೊರುತ್ತದಂತೆ, ಅದಕ್ಕೇ ನೆಲದ ಮೇಲೆ ಎತ್ತಲಾಗದ ಕೈ ನೀರಿನಲ್ಲಿ ಎತ್ತಬಹುದಂತೆ.

"ಸುಮ್ನೆ ಕೂತ್ರೆ ಆಗಲ್ಲ, ಬಿಸಿನೀರು ನೋವನ್ನ ಸ್ವಲ್ಪ ಹೊತ್ತು ಮರೆಸುತ್ತೆ ಅಷ್ಟೇ," ಎಂದಳು. "ಆ ಹೊತ್ತಲ್ಲಿ ಕೀಲು ಆಡಿಸಿದ್ರೇನೇ ಉಪಯೋಗ. ಮಗುವಿಗೆ ಸ್ನಾನ ಮಾಡಿಸೋವಷ್ಟು ಬಿಸಿ ಇರಲಿ."

ಹೇಗೆ ಮಾಡಬೇಕೆಂದು ಒಂದು ಹಾಳೆಯ ಮೇಲೆ ಗೊಂಬೆ ಬರೆದುಕೊಟ್ಟಳು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಗೊಂಬೆಯೇ ಬೇಕಾಗಿತ್ತು. ಮಾಡಿದ ಮೇಲೆ ಎರಡು ತಾಸಿಗೂ ನೋವು ಉಳಿದರೆ ಮರುದಿನ ಕಡಿಮೆ ಮಾಡಿ ಎಂದೂ ಹೇಳಿದಳು. ಎದೆಮಟ ಬೆಚ್ಚಗಿನ ನೀರು ಇಳಕಲ್ಲಿನಲ್ಲಿ ಎಲ್ಲಿದೆ ಎಂಬುದನ್ನು ಆಕೆ ಹೇಳಲಿಲ್ಲ. ಬಾದಾಮಿ ಹೊಂಡಕ್ಕೆ ಕರೆದುಕೊಂಡು ಹೋಗು ಎಂದು ನಮ್ಮ ಓಣಿಯವರು ಸಲಹೆ ಕೊಟ್ಟರು. ಆ ತಣ್ಣೀರಿನಲ್ಲಿ ಕೂರಿಸಿದ್ದರೆ ಅವ್ವ ಅಲ್ಲೇ ಸೆಟೆದುಕೊಳ್ಳುತ್ತಿದ್ದಳು.

ಬಣ್ಣದ ಮನೆಯ ಹಿತ್ತಲಲ್ಲಿ ನೂಲು ಜಾಲಿಸುವ ಹಳೇ ತೊಟ್ಟಿಯೊಂದು ಖಾಲಿ ಬಿದ್ದಿತ್ತು. ಮೂರು ಮೊಳ ಆಳ, ಒಳಗೆ ಕಲ್ಲಿಟ್ಟು ಕೂತರೆ ನೀರು ಎದೆಗೆ ಬರುತ್ತದೆ. ಮಧ್ಯಾಹ್ನ ಆಳುಗಳು ಉಣ್ಣಲು ಹೋದಾಗ ಒಲೆಯಲ್ಲಿ ಕೆಂಡ ಇದ್ದೇ ಇರುತ್ತದೆ. ಮಾಲೀಕ ಈರಪ್ಪ ಸಾವಕಾರರನ್ನು ಕೇಳಿದೆ. ಅವರು ತಡಮಾಡದೆ ಹೂಂ ಅಂದರು. ಅವರ ತಾಯಿ ಗಂಗಮ್ಮನ ಮೊಣಕಾಲು ಹಿಡಿದುಹೋಗಿ, ಆಕೆ ಮನೆಯಿಂದ ಹೊರಬೀಳದೆ ಸೊಸೆಯಂದಿರ ಜೀವ ಹಿಂಡುತ್ತಿದ್ದಳು. ಆಕೆಯನ್ನೂ ಕೂರಿಸು ಎಂದರು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಮೂರು ದಿನ ಇಟ್ಟಂಗಿ ಪುಡಿ ಹಾಕಿ ತೊಟ್ಟಿ ತಿಕ್ಕಿದೆ. ಎಷ್ಟು ತಿಕ್ಕಿದರೂ ಮೂಲೆಯಲ್ಲಿ ಒಂದಿಷ್ಟು ದಾಳಿಂಬರ ಬಣ್ಣ ಉಳಿದಿತ್ತು, ಮೊದಲ ದಿನ ಗಂಗಮ್ಮನ ಪಾದಕ್ಕೆ ಹತ್ತಿತು. ಮದುಮಗಳ ಹಾಗೆ ಕಾಣುತ್ತೀಯ ಎಂದು ಅವ್ವ ನಕ್ಕಳಂತೆ. ಗಂಗಮ್ಮ ಅದಕ್ಕೂ ನನ್ನನ್ನೇ ಬೈದಳು. ಆಕೆಯನ್ನು ಇಬ್ಬರು ಆಳು ಕುರ್ಚಿಯಲ್ಲಿ ಹೊತ್ತು ತರುತ್ತಿದ್ದರು, ಇಬ್ಬರು ಹೆಂಗಸರನ್ನೂ ಕೈ ಹಿಡಿದು ನೀರಿಗೆ ಇಳಿಸುವವಳು ವೈನಿ. ಮೊದಲ ದಿನ ಅವ್ವನೂ ಗಂಗಮ್ಮನೂ ಮೈಗೆ ಎಣ್ಣೆ ಹಚ್ಚಿಕೊಂಡು, ಸೀಗೆಕಾಯಿ, ತಂಬಿಗೆ ಹಿಡಿದುಕೊಂಡು ಬಂದಿದ್ದರು. ಇದು ಜಳಕ ಅಲ್ಲ, ಕವಾಯತು ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಕೇಳುವವರು ಯಾರು?

ದೊಡ್ಡ ತಕರಾರು ನೀರಿನ ಬಿಸಿಯದು. ಡಾಕ್ಟರಮ್ಮ ಮಗುವಿಗೆ ಎರೆಯುವ ನೀರು ಎಂದಿದ್ದಳಲ್ಲ. ಆಕೆಯ ಊರಿನಲ್ಲಿ ಮಕ್ಕಳಿಗೆ ಹೇಗೆ ಎರೆಯುತ್ತಾರೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಮೈ ಕೆಂಪಗಾಗಿ ಕಿರುಚುವ ತನಕ ಎರೆಯುತ್ತಾರೆ. ಕಿರುಚದಿದ್ದರೆ ನೀರು ಆರಿದೆ ಎಂದು ಅರ್ಥ. ನಾನು ಮೊಳಕೈ ಅದ್ದಿ ನೋಡಿ ನೀರು ಬಿಡುತ್ತಿದ್ದೆ, ಗಂಗಮ್ಮ ಉಗಿಯುತ್ತಿದ್ದಳು.

"ಆರು ಕೂಸಿಗೆ ಎರದೀನಿ ನಾ," ಎನ್ನುವಳು. "ನಿನಗ ಮೀಸಿ ಬಂದದ್ದು ನಿನ್ನೆ. ನೀ ನನಗ ಕೂಸಿನ ನೀರು ಹೇಳ್ತೀ?"

ನಾನು ಮತ್ತೆ ಮೊಳಕೈ ಅದ್ದಿ ನೋಡುತ್ತಿದ್ದೆ.

ಎರಡನೇ ವಾರ ನಾನು ಬಣ್ಣಕ್ಕೆ ಹಾಕುವ ಸೋಡಾ ತರಲು ಹುನಗುಂದಕ್ಕೆ ಹೋಗಿದ್ದೆ. ಇವತ್ತು ತೊಟ್ಟಿ ಬೇಡ ಎಂದು ಇಬ್ಬರಿಗೂ ಹೇಳಿ ಹೋಗಿದ್ದೆ. ಗಂಗಮ್ಮ ಸುಮ್ಮನಿರಲಿಲ್ಲ. ಅವ್ವನನ್ನೂ ವೈನಿಯನ್ನೂ ಕರೆಸಿಕೊಂಡು, ಒಲೆ ಕಾಯುವ ಯಲ್ಲಪ್ಪನಿಗೆ ದಬಾಯಿಸಿ, ಕುದಿಯುವ ನೀರು ಬಿಡಿಸಿದ್ದಾಳೆ. ಆಕೆಗೇನೂ ಆಗಲಿಲ್ಲ. ಅವ್ವ ಮಾತ್ರ ಕಾಲು ತಾಸಿನೊಳಗೆ ತೊಟ್ಟಿಯಲ್ಲೇ ಜೋತುಬಿದ್ದಳು. ಬಸುರಿ ವೈನಿ ನೀರಿಗಿಳಿದು ಅವ್ವನ ತಲೆ ಹಿಡಿದು ಕೂಗಿಕೊಂಡ ಮೇಲೆ, ಯಲ್ಲಪ್ಪ ಮರ್ಯಾದೆ ಬಿಟ್ಟು ಒಳಗೆ ಓಡಿ ಹೊರಗೆಳೆದನಂತೆ. ನಾನು ಸಂಜೆ ಬಂದಾಗ ಅವ್ವ ಮಜ್ಜಿಗೆ ಕುಡಿದು ಮಲಗಿದ್ದಳು, ಮೈಯೆಲ್ಲ ಕೆಂಪು. ಅಣ್ಣ ನನ್ನ ಕೊರಳಪಟ್ಟಿ ಹಿಡಿದ. ಅವ್ವನ್ನ ಕೊಲ್ಲಾಕ ಹುಟ್ಟೀಯೇನಲೇ ಎಂದ. ಇನ್ನು ತೊಟ್ಟಿ ಗಿಟ್ಟಿ ಏನೂ ಇಲ್ಲ ಎಂದ.

ಹದಿನೈದು ದಿನ ಹಾಗೇ ಹೋದವು. ಶಿವರಾತ್ರಿ ಹತ್ತಿರ ಬರುತ್ತಿತ್ತು. ಅವ್ವನ ಬೆರಳು ಇದ್ದಲ್ಲೇ ಇದ್ದವು. ಅಣ್ಣನನ್ನು ಒಪ್ಪಿಸಿದ್ದು ವೈನಿ. ಆಕೆ ಏನು ಹೇಳಿದಳೋ, ಅಣ್ಣ ಮತ್ತೆ ಅಡ್ಡ ಬರಲಿಲ್ಲ. ಈ ಸಲ ಹಂಡೆಯ ಮುಚ್ಚಳಕ್ಕೆ ಸರಪಳಿ ಹಾಕಿ ಬೀಗ ಜಡಿದೆ. ಬೀಗದ ಕೈ ನನ್ನ ಉಡದಾರಕ್ಕೆ.

ಮೊದಲು ಹೇಳಿದ ಸುಳ್ಳಿನ ಆಟ ಇದಾದ ಮೇಲೂ ಮುಂದುವರಿಯಿತು. ಕೈ ಎತ್ತಿರಿ ಎಂದರೆ ಎತ್ತೇವಿ ಎನ್ನುವರು. ಕಾಲು ಚಾಚಿರಿ ಎಂದರೆ ಚಾಚೇವಿ ಎನ್ನುವರು. ಒಮ್ಮೊಮ್ಮೆ ನನ್ನ ಸಮಾಧಾನಕ್ಕೆಂದು ಗಂಗಮ್ಮ ಅಂಗೈಯಿಂದ ನೀರು ಬಡಿಯುತ್ತಿದ್ದಳು. ಕೊನೆಗೆ ವೈನಿಯನ್ನು ಒಳಗೆ ಕಳಿಸಿ ನೋಡಿಸಿದೆ. ಆಕೆ ಹೊರಗೆ ಬಂದು, ಇಬ್ಬರೂ ಕೆರೆಯಲ್ಲಿ ಬಿದ್ದ ಎಮ್ಮೆಗಳ ಹಾಗೆ ಕಣ್ಣು ಮುಚ್ಚಿಕೊಂಡು ಕೂತಿದ್ದಾರೆ ಎಂದಳು.

ಅವತ್ತು ಮನೆಗೆ ಬಂದು ಅವ್ವನ ಮುಂದೆ ಕೂತೆ. ಸುತ್ತು ಹಾಕಿ ಮಾತಾಡುವುದು ನನಗೆ ಬರುವುದಿಲ್ಲ.

"ಬರೂ ತಿಂಗಳು ವೈನಿ ಹೋಗ್ತಾಳ," ಎಂದೆ. "ನಿನ್ನ ಸೀರಿ ಯಾರು ಉಡಸ್ತಾರ? ನಾನಾ? ಅಣ್ಣನಾ?"

ಅವ್ವ ಗೋಡೆಯ ಕಡೆ ಹೊರಳಿದಳು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಹಾಗೆ ಹೇಳಬಾರದಿತ್ತು ಎಂದು ಅಣ್ಣ ಅಂದ. ಹೇಳಬಾರದಿದ್ದರೆ ಬೇರೆ ಏನು ಹೇಳಬೇಕಿತ್ತು ಎಂದು ಆತನೂ ಹೇಳಲಿಲ್ಲ. ಮೂರನೇ ದಿನ ನಾನು ಕೆಲಸಕ್ಕೆ ಹೊರಟಾಗ ಅವ್ವ ತಾನಾಗೇ ಮಾತು ತೆಗೆದಳು.

"ನನ್ನ ಕಡೆ ಆಗೂದಿಲ್ಲ ಸಂಗ್ಯಾ," ಎಂದಳು. "ಹುಟ್ಟಿದಾಗಿಂದ ಈ ಕೈ ಎತ್ತಿದ್ದು ಕೆಲಸಕ್ಕ. ಸುಮ್ಮಸುಮ್ಮನ ಮ್ಯಾಲ ಕೆಳಗ ಆಡಸಿದ್ರ ಮೈಯಾಗ ದೇವರು ಬಂದಾಂಗ ಆಗ್ತೈತಿ. ನಾಚಿಕಿ ಬರ್ತೈತಿ."

ಬೇನೆ ಇದೆ ಎಂದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಂತೆ. ಎರಡು ಕೌದಿಯ ಮರೆ ಕಟ್ಟಿ, ದಿನಾ ಹನ್ನೆರಡು ಕೊಡ ಸುಡುನೀರು ಹೊತ್ತು, ಊಟ ಬಿಟ್ಟು ಒಲೆ ಕಾಯ್ದವನು ನಾನು. ಈಕೆಗೆ ಗಂಗಮ್ಮನ ಮುಂದೆ ಕೈ ಎತ್ತಲು ನಾಚಿಕೆ. ಹೊರಟುಹೋದೆ.

ಅದೇ ದಿನ ಮಧ್ಯಾಹ್ನ ನನ್ನ ಕೆಲಸ ಹಿಂದೆ ಬಿದ್ದಿತ್ತು. ಬಣ್ಣಕ್ಕೆ ಹಾಕುವ ಮೊದಲು ಸುತ್ತಿ ಕಟ್ಟಿದ ಬಿಳಿ ನೂಲಿನ ಲಡಿಗಳನ್ನು ನೀರಿನಲ್ಲಿ ಅದ್ದಿ, ಹಿಂಡಿ, ಕೊಡವಿ ಚೆನ್ನಾಗಿ ನೆನೆಸಬೇಕು. ಇಲ್ಲವಾದರೆ ಬಣ್ಣ ಚುಕ್ಕೆಚುಕ್ಕೆಯಾಗಿ ಹತ್ತುತ್ತದೆ. ಯಲ್ಲಪ್ಪ ಬಂದಿರಲಿಲ್ಲ. ನಾನು ಒಬ್ಬನೇ ಗೊಣಗುತ್ತ ಲಡಿ ಅದ್ದುತ್ತಿದ್ದೆ. ಕೌದಿಯ ಆಚೆಯಿಂದ ಗಂಗಮ್ಮ, ಅಲ್ಲಿ ಕೂತು ಯಾಕೆ ವಟವಟ ಅನ್ನುತ್ತೀ, ನಾಲ್ಕು ಲಡಿ ಇತ್ತ ಒಗೆ, ನೀರಿನಲ್ಲೇ ಕೂತಿದ್ದೇವಲ್ಲ ಎಂದಳು. ಕೌದಿಯ ಕೆಳಗಿನಿಂದ ನಾಲ್ಕು ಲಡಿ ತಳ್ಳಿದೆ.

ಸಪ್ಪಳ ಶುರುವಾಯಿತು. ಅದ್ದುವುದು, ಎತ್ತುವುದು, ಹಿಂಡುವುದು, ಕೊಡವುವುದು. ಗಂಗಮ್ಮನದು ಧಪಧಪ, ಅವ್ವನದು ಸಣ್ಣದು, ನಿಧಾನ, ನಡುನಡುವೆ ನಿಂತು ಮತ್ತೆ. ನಾನು ಕೈಯಲ್ಲಿದ್ದ ಲಡಿ ಬಿಟ್ಟು ಕೇಳುತ್ತ ಕೂತೆ. ಡಾಕ್ಟರಮ್ಮನ ಹಾಳೆಯಲ್ಲಿದ್ದ ಗೊಂಬೆಗಳೆಲ್ಲ ಅಲ್ಲಿದ್ದವು. ಭುಜದ್ದು, ಮೊಳಕೈಯದು, ಮಣಿಕಟ್ಟಿನದು, ಬೆರಳಿನದು. ಎರಡು ತಿಂಗಳು ನಾನು ಗಂಟಲು ಹರಿದುಕೊಂಡು ಮಾಡಿಸಲಾಗದ್ದನ್ನು ನಾಲ್ಕು ಲಡಿ ನೂಲು ಮಾಡಿಸಿತು. ಖುಷಿ ಆಗಬೇಕಿತ್ತು. ನನಗೆ ತಲೆ ಚಚ್ಚಿಕೊಳ್ಳಬೇಕು ಎನಿಸಿತು.

ಮರುದಿನದಿಂದ ಲಡಿ ಕೊಡತೊಡಗಿದೆ. ಕಾಲಿಗೆ ಬೇರೆ ಲಡಿ, ನಿಂತು ತುಳಿಯಲು. ಗಂಗಮ್ಮ ಗೋಡೆ ಹಿಡಿದು ತುಳಿಯುವಾಗ ತೊಟ್ಟಿಯ ನೀರು ನನ್ನ ಕಾಲತನಕ ಹರಿದು ಬರುತ್ತಿತ್ತು. ಇದನ್ನು ಈರಪ್ಪ ಸಾವಕಾರರು ನೋಡಿದರು. ಅವರು ಕೆಟ್ಟವರಲ್ಲ, ವ್ಯಾಪಾರಿಗಳು. ಮರುದಿನ ತೊಟ್ಟಿಯ ದಂಡೆಗೆ ದೊಡ್ಡ ಮೂಟೆ ನೂಲು ಬಂದು ಕೂತಿತ್ತು. ನಾನು ಊರೊಳಗೆ ಹೋಗಿ ಬರುವಷ್ಟರಲ್ಲಿ ಇಬ್ಬರೂ ಹಟ ಕಟ್ಟಿ ಅರ್ಧ ಮೂಟೆ ಮುಗಿಸಿದ್ದರು. ಅವತ್ತು ಸಂಜೆ ಅವ್ವನ ಮಣಿಕಟ್ಟು ಬದನೆಕಾಯಿಯಷ್ಟು ಬಾತಿತು. ಚಹದ ಬಟ್ಟಲು ಹಿಡಿಯಲು ಬರಲಿಲ್ಲ. ಆದರೂ ಮುಖ ನೋಡಿದರೆ ಹಬ್ಬ ಮಾಡಿದವಳ ಹಾಗೆ. ಗಂಗಮ್ಮನಿಗಿಂತ ಎರಡು ಲಡಿ ಹೆಚ್ಚು ಹಿಂಡಿದೆ ಎಂದಳು.

ಬಾವು ಇಳಿಯಲು ಐದು ದಿನ ಬೇಕಾಯಿತು. ಆರನೇ ದಿನ ತೊಟ್ಟಿಯ ಹತ್ತಿರ ಸಾವಕಾರರ ಎದುರು ನಿಂತೆ.

"ಇದು ನಮ್ಮವ್ವನ ದವಾಖಾನಿ ಐತ್ರಿ," ಎಂದೆ. "ಮೂಟಿ ತರಬ್ಯಾಡ್ರಿ."

ನೀರೂ ತಮ್ಮದು, ತೊಟ್ಟಿಯೂ ತಮ್ಮದು, ಇದರಲ್ಲಿ ನಿನ್ನದೇನಿದೆ ಎಂದು ಅವರು ಕೇಳಿದರು. ಕೆಲಸ ಬಿಡು ಎನ್ನುತ್ತಾರೆ ಎಂದುಕೊಂಡೆ. ಆಗ ಕೌದಿಯ ಆಚೆಯಿಂದ ಅವರ ತಾಯಿ ಮಾತಾಡಿದಳು.

"ಲೇ ಈರ್ಯಾ, ಆ ಹುಡುಗನ ಮ್ಯಾಲೇನು ಒದರ್ತೀ?" ಎಂದಳು. "ಅಷ್ಟು ನೂಲು ತೊಯ್ಯಬೇಕಂದ್ರ ಧೋತರ ಎತ್ತಿಕೊಂಡು ನೀನ ಇಳಿ ಬಾ. ನಾ ಎದ್ದು ಜಾಗಾ ಬಿಡ್ತೇನಿ."

ಸಾವಕಾರರು ಕೆಮ್ಮಿ ಹೊರಟುಹೋದರು. ಆ ಹೆಂಗಸಿನ ಮೇಲೆ ನನಗೆ ಸಿಟ್ಟು ಇಳಿದದ್ದು ಆ ಒಂದು ಗಳಿಗೆ ಮಾತ್ರ.

ಆಮೇಲೆ ತಲಾ ಎರಡೇ ಲಡಿ ಎಂದು ನೇಮ ಮಾಡಿದೆ. ಬಣ್ಣಕ್ಕೆ ಹೋಗುವ ನೂಲು ಕೊಟ್ಟರೆ ಎರಡರ ಲೆಕ್ಕ ತಪ್ಪಿ ಮತ್ತೆ ಮೂಟೆಗೆ ಬರುತ್ತಿತ್ತು. ಹಾಗಾಗಿ ನಾಲ್ಕು ಲಡಿ ಬೇರೆ ತೆಗೆದಿಟ್ಟು, ದಿನಾ ಅವನ್ನೇ ಒಣಗಿಸಿ ದಿನಾ ಅವನ್ನೇ ಕೊಡುತ್ತಿದ್ದೆ. ಎಂಟು ದಿನ ನಡೆಯಿತು. ಒಂಬತ್ತನೇ ದಿನ ಆಚೆಯಿಂದ ಅವ್ವ ಕೇಳಿದಳು.

"ಸಂಗ್ಯಾ, ಇದು ನಿನ್ನೀದ ಲಡಿ ಅಲ್ಲೇನ?"

ನಾನು ಮೂರ್ಖ. ನಲವತ್ತು ವರ್ಷ ನೂಲು ಹಿಡಿದವಳ ಕೈಗೆ ಒಂದೇ ಲಡಿಯನ್ನು ಎಂಟು ದಿನ ಕೊಟ್ಟಿದ್ದೆ. ಅಲ್ಲ, ಹೊಸದು ಎಂದೆ. ಆಚೆ ಹಿಂಡುವುದು ನಿಂತಿತು. ಇನ್ನು ಮುಗಿಯಿತು, ಮೇಲೆದ್ದು ಬರುತ್ತಾಳೆ ಎಂದುಕೊಂಡು ಬಕೆಟ್ಟು ಎತ್ತಿದೆ. ಆಮೇಲೆ ನೀರಿನ ಸಪ್ಪಳ ಕೇಳಿತು. ಅದ್ದಿ, ಎತ್ತಿ, ಹಿಂಡಿ. ಗಂಗಮ್ಮ ಏನೋ ಪಿಸುಗುಟ್ಟಿದಳು. ಅವ್ವ ಸುಮ್ಮನಿರು ಎಂದಳು. ಆ ಮೇಲೆ ಅವ್ವ ಅದರ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಶಿವರಾತ್ರಿ ಮುಗಿಯುವ ತನಕ ಅವೇ ನಾಲ್ಕು ಲಡಿ ನಡೆದವು. ಕೊನೆಕೊನೆಗೆ ಅವು ತೇಯ್ದು ಹತ್ತಿಯ ಹಾಗಾಗಿದ್ದವು.

ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಮುಗಿಸಿ ವೈನಿಯನ್ನು ಕಮತಗಿಗೆ ಕಳಿಸಿದೆವು. ಹೋಗುವಾಗ ಆಕೆ ಅವ್ವನ ಪೆಟ್ಟಿಗೆಯ ಮೇಲೆ ಸೀರೆ, ತೊಡುವ ಕುಬಸ ತೆಗೆದಿಟ್ಟು ಹೋಗಿದ್ದಳು.

ಮರುದಿನ ಬೆಳಗ್ಗೆ ಅವ್ವ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಣ್ಣ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದ, ನೇಯುತ್ತಿರಲಿಲ್ಲ. ನಾನು ಹೊರಬಾಗಿಲ ಪಕ್ಕ ಕೂತಿದ್ದೆ. ಬಿಸಿಲು ಹೊಸ್ತಿಲಿಗೆ ಬಂತು. ಹಾಲಿನವಳು ಬಂದು ಹೋದಳು. ಒಳಗಿನಿಂದ ಒಮ್ಮೆ ಪೆಟ್ಟಿಗೆ ಸರಿದ ಸಪ್ಪಳ, ಒಮ್ಮೆ ಯಪ್ಪಾ ಎಂಬ ಮಾತು. ಅಣ್ಣ ಏಳಲು ಹೋದ, ಕೂತಿರು ಎಂದು ಕೈ ಮಾಡಿದೆ.

ಬಾಗಿಲು ತೆರೆಯಿತು. ಅವ್ವ ಸೀರೆ ಉಟ್ಟಿದ್ದಳು. ನಿರಿಗೆ ಒಂದು ಕಡೆ ಮೇಲೆ, ಒಂದು ಕಡೆ ನೆಲಕ್ಕೆ. ಆದರೂ ಉಟ್ಟಿದ್ದಳು. ಸೆರಗನ್ನು ಮಾತ್ರ ಎದೆಗೆ ಒತ್ತಿ ಹಿಡಿದುಕೊಂಡಿದ್ದಳು, ಬಿಡಲಿಲ್ಲ. ಎದೆಯ ಮೇಲೆ ಕುಬಸದ ಗಂಟು ಹಾಕಲು ಬೆರಳು ಸಾಲಿರಲಿಲ್ಲ. ನಮಗೆ ತಿಳಿಯಿತು. ತಿಳಿದದ್ದು ಆಕೆಗೂ ತಿಳಿಯಿತು. ಬೆಳೆದ ಇಬ್ಬರು ಮಕ್ಕಳು ನೆಲ ನೋಡುತ್ತ ಕೂತೆವು. ಇಷ್ಟೆಲ್ಲ ಮಾಡಿ ಒಂದು ಗಂಟಿಗೆ ಬಂದು ನಿಂತಿತಲ್ಲ ಎಂದು ನನಗೆ ಅಳು ಬಂತು, ಸಿಟ್ಟು ಬಂತು.

ಓಣಿಯಲ್ಲಿ ಕೋಲಿನ ಸಪ್ಪಳ ಕೇಳಿತು. ಗಂಗಮ್ಮ. ಕುರ್ಚಿ ಇಲ್ಲ, ಆಳುಗಳಿಲ್ಲ. ಗೋಡೆ ಹಿಡಿದು, ನಿಂತು, ಮತ್ತೆ ನಡೆದು ಬರುತ್ತಿದ್ದಳು. ಆಕೆಯ ಮನೆಯಿಂದ ನಮ್ಮ ಮನೆಗೆ ಎರಡು ಓಣಿ ದಾಟಬೇಕು. ಬೆಳಗ್ಗೆ ಒಮ್ಮೆ ಬಂದು ನೋಡಿರಿ ಎಂದು ವೈನಿ ಹೋಗುವ ಮೊದಲು ಆಕೆಗೆ ಹೇಳಿ ಹೋಗಿದ್ದಳು, ನಮಗೆ ಹೇಳಿರಲಿಲ್ಲ. ನೇಕಾರರ ಹೊಸ್ತಿಲು ತುಳಿಯದ ಸಾವಕಾರರ ತಾಯಿ, ಹಾದು ಬರುವಾಗ ಕೋಲನ್ನು ನನ್ನ ಕೈಗೆ ತುರುಕಿ ಒಳಗೆ ಹೋದಳು.

"ನೀಲವ್ವಾ, ಸೀರಿ ಚೊಲೋ ಉಟ್ಟೀದಿ," ಎಂದು ಅವ್ವನಿಗೆ ಅಂದದ್ದು ಕೇಳಿತು. "ಇತ್ತ ತಿರುಗು."

ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಇಬ್ಬರೂ ಹೊರಗೆ ಬಂದರು. ಅವ್ವನ ಎರಡೂ ಕೈ ಬಿಡುವಾಗಿದ್ದವು. ಅಣ್ಣ ಲಾಳಿ ಒಗೆದು ನೇಯತೊಡಗಿದ.

ವೈನಿ ಕೂಸಿನ ಜೊತೆ ತಿರುಗಿ ಬರುವ ತನಕ ಅವ್ವ ಸೀರೆ ತಾನೇ ಉಟ್ಟಳು, ಗಂಗಮ್ಮ ದಿನಾ ನಡೆದು ಬಂದು ಗಂಟು ಹಾಕಿ ಹೋದಳು. ಕೊಂಡಿ ಹಾಕಲು ಅವ್ವನ ಬೆರಳು ಮತ್ತೆ ಬರಲೇ ಇಲ್ಲ. ಆಗಿದ್ದು ಇಷ್ಟು. ಇದರ ಮೇಲೆ ನನಗೆ ಹೇಳುವುದೇನೂ ಇಲ್ಲ.